ಪಕ್ಕದ ಮನೆಯ ಪರದೆ

ಭಾನುವಾರದ ಊಟಕ್ಕೆ ಗಂಡ ಹೊತ್ತಿಗೆ ಸರಿಯಾಗಿ ಬಂದು ಕೂರದಿದ್ದರೆ ಅರ್ನೆಸ್ಟೀನಳಿಗೆ ಮೈ ಉರಿಯುತ್ತಿತ್ತು. ಚರ್ಚಿನಿಂದ ಬಂದವಳೇ ಟೋಪಿ ತೆಗೆದಿಟ್ಟು ಕೋಳಿ ಕರಿದಿದ್ದಳು, ಸೊಪ್ಪು ಬೇಯಿಸಿದ್ದಳು, ಮೆಕ್ಕೆಜೋಳದ ಬ್ರೆಡ್ಡನ್ನು ಬಿಸಿಬಿಸಿಯಾಗಿ ಮೇಜಿನ ಮೇಲೆ ತಂದಿಟ್ಟಿದ್ದಳು. ವಾರ್ಡೆಲ್ ಮಾತ್ರ ಚರ್ಚಿಗೆ ಹಾಕಿದ್ದ ಪ್ಯಾಂಟಿನಲ್ಲೇ ಪಕ್ಕದ ಮನೆಯ ಅಂಗಳದಲ್ಲಿ ಹುಲ್ಲು ಕತ್ತರಿಸುವ ಮಶಿನ್ ತಳ್ಳುತ್ತಿದ್ದ.

"ಇಮಾನಿ, ಹೋಗಿ ನಿನ್ನ ತಾತನ್ನ ಕೇಳು, ಊಟ ಬೇಕೋ ಹುಲ್ಲು ಬೇಕೋ ಅಂತ. ಹುಲ್ಲೇ ಬೇಕು ಅಂದ್ರೆ ತಟ್ಟೆಗೆ ಅದನ್ನೇ ಬಡಿಸ್ತೀನಿ."

"ಕೇಳಿದೆ ಅಜ್ಜಿ. ಇನ್ನೊಂದೇ ಸಾಲು ಅಂದ," ಎಂದಳು ಮೊಮ್ಮಗಳು, ಫೋನಿನಿಂದ ತಲೆ ಎತ್ತದೆ.

ಪಕ್ಕದ ಮನೆಯಲ್ಲಿ ಯಾರೂ ಇರಲಿಲ್ಲ. ಮಿಸಸ್ ಗುಡ್ಲೋ ತೀರಿಕೊಂಡ ಮೇಲೆ ಅವಳ ಮಗ ಸಾಲದ ಕಂತು ಕಟ್ಟದೆ ಕೈಬಿಟ್ಟ. ದೂರದ ಯಾವುದೋ ಬ್ಯಾಂಕು ಮನೆಯನ್ನು ತನ್ನದು ಮಾಡಿಕೊಂಡು ಅಲ್ಲಿಗೇ ಮರೆತುಬಿಟ್ಟಿತು. ಎರಡು ಚಳಿಗಾಲ ಕಳೆದಿದ್ದವು. ಖಾಲಿ ಮನೆ ಖಾಲಿಯಾಗಿ ಕಾಣಬಾರದು ಎಂದು ಬೀದಿಯ ಸಂಘದವರು ತೀರ್ಮಾನ ಮಾಡಿದ್ದರು. ಮಿಕ್ಕವರಿಗೆ ಅದು ಮೀಟಿಂಗಿನ ಮಾತು, ವಾರ್ಡೆಲನಿಗೆ ವ್ರತ. ಗುಡ್ಲೋ ಮನೆಯ ಜಗಲಿಯ ಮೇಲೆ ಅವನು ತನ್ನ ಎರಡು ಕುರ್ಚಿ ಹಾಕಿದ್ದ, ಹೂವಿನ ಕುಂಡ ಇಟ್ಟಿದ್ದ. ಹಿಮ ಬಿದ್ದ ದಿನ ಬೂಟು ಮೆಟ್ಟಿಕೊಂಡು ಆ ಬಾಗಿಲ ತನಕ ಹೋಗಿ ಬರುತ್ತಿದ್ದ, ಹೆಜ್ಜೆ ಗುರುತು ಕಾಣಲಿ ಎಂದು. ಅರ್ನೆಸ್ಟೀನ್ ತನ್ನ ಅಡುಗೆಮನೆಗೆಂದು ಹೊಲಿದಿದ್ದ ಹಳದಿ ಚೌಕಳಿ ಪರದೆಗಳನ್ನೂ ಹೇಳದೆ ಕೇಳದೆ ಒಯ್ದು ಅಲ್ಲಿಯ ಕಿಟಕಿಗೆ ಕಟ್ಟಿಬಿಟ್ಟಿದ್ದ.

ಅವನು ಕೈ ತೊಳೆದು ಬಂದು ಕೂತ. ಪ್ರಾರ್ಥನೆ ಮುಗಿಯಿತು. ಮಗಳು ರೊಶೆಲ್ ಸೊಪ್ಪಿನ ಬಟ್ಟಲು ಅವನ ಕಡೆ ಸರಿಸುತ್ತಾ ಶುರು ಮಾಡಿದಳು.

"ಅಪ್ಪಾ, ಸತ್ತೋರ ಮನೆ ಹುಲ್ಲು ಕತ್ತರಿಸ್ತೀಯ. ನಮ್ಮ ಹಿತ್ತಿಲ ಮೆಟ್ಟಿಲು ಕೊಳೆತು ಕೂತಿದೆ. ಮೊನ್ನೆ ನನ್ನ ಕಾಲು ಹಲಗೆ ಒಳಗೇ ಹೋಯ್ತು."

"ಹಿತ್ತಿಲ ಮೆಟ್ಟಿಲು ರಸ್ತೆಗೆ ಕಾಣಲ್ಲ," ಎಂದ ವಾರ್ಡೆಲ್.

"ಕೇಳಿದ್ಯೇನಮ್ಮ? ಕಾಲು ಮುರಿದ್ರೂ ರಸ್ತೆಗೆ ಕಾಣೋ ಹಾಗೆ ಮುರ್ಕೋಬೇಕು."

"ನೀನು ನಗು. ಒಂದು ಮನೆ ಖಾಲಿ ಅಂತ ಗೊತ್ತಾದ್ರೆ ಮೊದಲು ತಾಮ್ರದ ಪೈಪು ಕದಿಯೋರು ಬರ್ತಾರೆ. ಆಮೇಲೆ ಪಕ್ಕದೋರು ಗಂಟು ಕಟ್ತಾರೆ. ಆಮೇಲೆ ಇಡೀ ಬೀದಿನೇ ಗಂಟು ಕಟ್ಟುತ್ತೆ. ಹಿಂದಿನ ಬೀದಿ ಏನಾಯ್ತು ಅಂತ ಕಣ್ಣಾರೆ ನೋಡಿದೀವಲ್ಲ. ನಾವು ಈ ಊರಿಗೆ ಬಂದಾಗ, ಕರಿಯರು ಬಂದ್ರು ಅಂತ ಬಿಳಿಯರ ಅಂಗಳದಲ್ಲೆಲ್ಲ 'ಮಾರಾಟಕ್ಕಿದೆ' ಬೋರ್ಡು ಎದ್ದವು. ಆಗ ನಾನು ಹೆದರಲಿಲ್ಲ. ಈಗ ಹೆದರ್ತೀನಾ?"

"ಅವರು ಹೋದ್ರು, ಜೊತೆಗೆ ಅಂಗಡಿನೂ ಹೋಯ್ತು, ಬ್ಯಾಂಕಿನ ಶಾಖೆನೂ ಹೋಯ್ತು. ಇರೋ ನಾಲ್ಕು ಜನರ ಮೇಲೆ ತೆರಿಗೆ ಏರ್ತಾ ಇದೆ. ಇಮಾನಿ ಶಾಲೇಲಿ ಸಂಗೀತದ ಪಾಠ ನಿಲ್ಲಿಸಿದ್ರು, ಈಗ ಗ್ರಂಥಾಲಯಕ್ಕೂ ಬೀಗ. ಅದಕ್ಕೆಲ್ಲ ಪರದೆ ಕಟ್ತೀಯಾ ಅಪ್ಪಾ?"

ರೊಶೆಲ್ ಗಂಡನಿಂದ ಬೇರೆಯಾಗಿ ಮಗಳನ್ನು ಕರೆದುಕೊಂಡು ತವರಿಗೆ ಬಂದು ಸೇರಿದ್ದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಕ್ಲೀವ್‌ಲ್ಯಾಂಡ್ ಶಹರದ ಅಂಚಿನ ಆ ಸೀಮೆಯಲ್ಲಿ ರೈಲು ಹಳಿಯ ಈಚೆ ಇವರ ಊರು, ಆಚೆ ಇನ್ನೊಂದು ಊರು. ಆಚೆ ಊರಿನಲ್ಲಿ ಒಂದು ಮನೆ ಮಾರಾಟಕ್ಕೆ ಬರುವುದರಲ್ಲಿತ್ತು. ಅವಳು ಅದನ್ನು ನೋಡಿಕೊಂಡು ಬಂದಾಗಿತ್ತು.

"ಎರಡೂ ಕಡೆ ಕಟ್ಟಿದೋನು ಒಬ್ಬನೇ ಕಂಟ್ರಾಕ್ಟರು. ಅದೇ ಇಟ್ಟಿಗೆ. ಅಡುಗೆಮನೆ ಕಿಟಕಿ ಕೂಡ ಇಲ್ಲಿ ಇರೋ ಕಡೆನೇ ಇದೆ," ಎಂದಳು.

"ಹಾಗಾದ್ರೆ ಇಲ್ಲೇ ಇರು. ಹೋಗೋದ್ಯಾಕೆ?" ಎಂದ ವಾರ್ಡೆಲ್.

"ಅಲ್ಲಿ ಟ್ರಾಮ್ ಇದೆ, ನಡೆದು ಹೋಗೋ ದೂರದಲ್ಲಿ ಅಂಗಡಿ ಇದೆ, ಶಾಲೆ ಇದೆ. ಅಲ್ಲಿ ಒಂದು ಮನೆ ಖಾಲಿಯಾದ್ರೆ ವಾರದೊಳಗೆ ಜನ ಸಾಲು ನಿಲ್ತಾರೆ. ಅಲ್ಲಿ ಹಳೇದು ಅಂದ್ರೆ ಚೆಂದ. ಇಲ್ಲಿ ಹಳೇದು ಅಂದ್ರೆ ಬರೀ ಹಳೇದು. ನೀವಿಬ್ರೂ ಈ ಮನೆ ಮಾರಿದ್ರೆ ಎಲ್ಲರೂ ಸೇರಿ ಅದನ್ನ ತಗೋಬಹುದು. ನನ್ನೊಬ್ಬಳ ಕೈಲಾಗಲ್ಲ."

ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಇಬ್ಬರೂ ರುಜು ಹಾಕಬೇಕು. ರೊಶೆಲ್ ತಾಯಿಯ ಮುಖ ನೋಡಿದಳು. ವಾರ್ಡೆಲನೂ ನೋಡಿದ. ಅರ್ನೆಸ್ಟೀನ್ ಕೋಳಿಯ ತೊಡೆ ಕಚ್ಚುತ್ತಿದ್ದವಳು ಅದನ್ನು ತಟ್ಟೆಗೆ ಹಾಕಿದಳು.

"ನನ್ನ ಮುಖದಲ್ಲಿ ಏನು ಬರ್ದಿದೆ? ಕೇಳಿ ಇಬ್ರೂ. ಒಂದು ಟೊಮೇಟೊ ತರೋಕೆ ನಾನು ಎರಡು ಬಸ್ಸು ಹತ್ತಿ ಇಳೀಬೇಕು. ನನಗೂ ಸಾಕಾಗಿದೆ. ವಾರ್ಡೆಲ್, ಶಾಲೆ ತೆರೆಯೋದ್ರೊಳಗೆ ಆ ಗುಡ್ಲೋ ಮನೆಗೆ ನಿಜವಾದ ಜನ ಬಂದು ಒಲೆ ಹಚ್ಚಿದ್ರೆ ನಾನು ಬಾಯಿ ಮುಚ್ಕೊಂಡು ಇಲ್ಲೇ ಇರ್ತೀನಿ, ಸಾಯೋ ತನಕ. ಬರಲಿಲ್ಲ ಅಂದ್ರೆ ಮಾರೋಣ. ಒಪ್ಪಿಗೆನಾ?"

"ಒಪ್ಪಿಗೆ," ಎಂದ ವಾರ್ಡೆಲ್, ಇನ್ನೊಂದು ತುಂಡು ಬ್ರೆಡ್ಡು ಮುರಿದುಕೊಳ್ಳುತ್ತಾ. "ಬರ್ತಾರೆ. ನೋಡ್ತಿರು."

ಆಮೇಲೆ ಅವನು ಇನ್ನೂ ಹುಚ್ಚನಾದ. ಗುಡ್ಲೋ ಜಗಲಿಗೆ ಬಿಳಿ ಬಣ್ಣ ಬಳಿದ. ಬೇಲಿ ಕತ್ತರಿಸಿದ. ಜುಲೈ ಮೊದಲಿಗೆ ಟೈ ಕಟ್ಟಿದ ಒಬ್ಬ ಮನುಷ್ಯ ಬಂದು ಮನೆಯ ಫೋಟೊ ತೆಗೆದುಕೊಂಡ. ಆ ದಿನ ವಾರ್ಡೆಲ್ ಊಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತ.

"ಬ್ಯಾಂಕಿನೋನು! ಕೊನೆಗೂ ಬ್ಯಾಂಕಿಗೆ ಎಚ್ಚರ ಆಯ್ತು ನೋಡು. ಇಷ್ಟು ಚೆನ್ನಾಗಿ ನೋಡ್ಕೊಂಡಿದೀರಲ್ಲ ಅಂತ ನನ್ನ ಕೈ ಕುಲುಕಿದ. ಹೂವಿನ ಕುಂಡ ಸ್ವಲ್ಪ ಈ ಕಡೆ ಇಡಿ ಅಂದ, ಇಟ್ಟೆ. ಅವನ ಹತ್ರ ಬೀಗದ ಕೈ ಇರಲಿಲ್ಲ. ಮಿಸಸ್ ಗುಡ್ಲೋ ನಮ್ಮ ಹತ್ರ ಇಟ್ಟಿದ್ದಳಲ್ಲ, ಅದನ್ನೇ ಕೊಟ್ಟೆ."

"ಗುರುತಿನ ಚೀಟಿ ನೋಡಿದ್ಯಾ?" ಎಂದಳು ರೊಶೆಲ್.

"ಟೈ ಕಟ್ಟಿದ್ದ ಕಣೇ."

ಆ ಮಾತು ಅಲ್ಲಿಗೇ ನಿಂತಿತು. ಅರ್ನೆಸ್ಟೀನಳಿಗೆ ಅವತ್ತು ಪಾತ್ರೆ ತೊಳೆಯುವ ಅವಸರ. ಅವಳೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಆಗಸ್ಟಿನಲ್ಲಿ ಒಂದು ಶನಿವಾರ ಸಾಮಾನು ತುಂಬಿದ ಬಾಡಿಗೆ ಲಾರಿ ಬಂದು ಗುಡ್ಲೋ ಮನೆಯ ಮುಂದೆ ನಿಂತಿತು. ಇಳಿದವಳ ಹೆಸರು ಕಿಯೋನಾ, ವೃದ್ಧಾಶ್ರಮದಲ್ಲಿ ಕೆಲಸ ಮಾಡುವವಳು, ಜೊತೆಗೆ ಎರಡು ಪುಟ್ಟ ಹೆಣ್ಣುಮಕ್ಕಳು. ಬಾಡಿಗೆಗೆ ಬಂದಿದ್ದೇವೆ ಎಂದಳು. ವಾರ್ಡೆಲ್ ಎಪ್ಪತ್ತು ದಾಟಿದವನು ಹುಡುಗನ ಹಾಗೆ ಓಡಿ ಹೋಗಿ ಹಾಸಿಗೆಯ ಒಂದು ತುದಿ ಹಿಡಿದ. ಸಾಮಾನೆಲ್ಲ ಇಳಿಸಿ ಬೆವರು ಒರೆಸಿಕೊಂಡು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತು ಹೆಂಡತಿಗೆ ಸಲಾಮು ಹೊಡೆದ.

"ಜನ ಬಂದ್ರು, ಮೇಡಂ."

"ಕಂಡೆ. ಜಂಬ ಸಾಕು, ನಿಂಬೆ ಕೇಕ್ ತಗೊಂಡ್ಹೋಗಿ ಕೊಡು," ಎಂದಳು ಅರ್ನೆಸ್ಟೀನ್. ಮಹಡಿಯ ಮೇಲೆ ರೊಶೆಲ್ ತನ್ನ ಕೋಣೆಯ ಬಾಗಿಲು ದಡಾರನೆ ಹಾಕಿಕೊಂಡ ಸದ್ದು ಇಬ್ಬರಿಗೂ ಕೇಳಿಸಿತು.

ಮುಂದಿನ ವಾರವಿಡೀ ಅರ್ನೆಸ್ಟೀನಳ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಮಾತಾಡಿಕೊಂಡಿದ್ದರು, ಇನ್ನಿಬ್ಬರು ಬಾಯಿ ಬಿಗಿದುಕೊಂಡಿದ್ದರು. ಇಮಾನಿ ಮಾತ್ರ ಒಮ್ಮೆ ಬೆಳಗಿನ ತಿಂಡಿಗೆ ಕೂತಾಗ, "ಅಜ್ಜಿ, ಆಚೆ ಊರಿನ ಶಾಲೇಲಿ ಪಿಟೀಲು ಕಲಿಸ್ತಾರಂತೆ. ಇನ್ನು ಅದು ಇಲ್ಲ ಅಲ್ವಾ?" ಎಂದು ಕೇಳಿದಳು. ಅರ್ನೆಸ್ಟೀನ್ "ಹಾಲು ಕುಡಿ," ಎಂದಳು.

ಒಂದು ಬೆಳಗ್ಗೆ ಅರ್ನೆಸ್ಟೀನ್ ಕಿಟಕಿಯಿಂದ ನೋಡಿದರೆ ಕಿಯೋನಾಳ ಮಕ್ಕಳಿಬ್ಬರೂ ಬೇಲಿಯ ಪಕ್ಕ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹಲ್ಲು ತಿಕ್ಕುತ್ತಿದ್ದರು. ನೀರು ಬರುತ್ತಿದ್ದುದು ಗಿಡಕ್ಕೆ ಬಿಡುವ ಹಸಿರು ಪೈಪಿನಿಂದ. ಆ ಪೈಪು ಬೇಲಿಯ ಕೆಳಗೆ ತೂರಿ ತನ್ನದೇ ಮನೆಯ ನಲ್ಲಿಗೆ ಬಂದು ಸೇರಿತ್ತು. ಅರ್ನೆಸ್ಟೀನ್ ಒಲೆ ಆರಿಸಿ, ಚಪ್ಪಲಿಯಲ್ಲೇ ಆಚೆಗೆ ಹೋದಳು.

"ಏನಮ್ಮ, ನಲ್ಲೀಲಿ ನೀರಿಲ್ವಾ?"

"ಇನ್ನೂ ಬಿಟ್ಟಿಲ್ಲ, ಮಿಸ್ ಅರ್ನೆಸ್ಟೀನ್. ಮಿಸ್ಟರ್ ವಾರ್ಡೆಲ್ ಹೇಳಿದ್ರಲ್ಲ, ಇವತ್ತು ನಾಳೆ ಬಿಡ್ತಾರೆ ಅಂತ. ಪಾಪ, ಅವರು ಪೈಪು ಹಾಕಿಕೊಡದಿದ್ರೆ ಕಷ್ಟ ಆಗ್ತಿತ್ತು. ಓನರ್ ಯಾಕೋ ಫೋನೇ ಎತ್ತಲ್ಲ."

"ಯಾವ ಓನರ್?"

ಕಿಯೋನಾ ಫೋನು ತೆಗೆದು ಜಾಹೀರಾತು ತೋರಿಸಿದಳು. ಬಾಡಿಗೆಗೆ ಇದೆ, ಶಾಂತವಾದ ಬೀದಿ, ಒಳ್ಳೆಯ ನೆರೆಹೊರೆ. ಮುಂಗಡವನ್ನೂ ಮೊದಲ ತಿಂಗಳ ಬಾಡಿಗೆಯನ್ನೂ ಫೋನಿನಲ್ಲೇ ಕಳಿಸಿದ್ದಳಂತೆ, ಬೀಗದ ಕೈ ಕುಂಡದ ಕೆಳಗೆ ಸಿಕ್ಕಿತಂತೆ. ಕೆಳಗೆ ಫೋಟೊ ಇತ್ತು. ಬಿಳಿ ಜಗಲಿ, ಎರಡು ಕುರ್ಚಿ, ಸ್ವಲ್ಪ ಈ ಕಡೆ ಸರಿಸಿದ ಕುಂಡ. ಕಿಟಕಿಯಲ್ಲಿ ಅರ್ನೆಸ್ಟೀನ್ ತನ್ನ ಕೈಯಾರೆ ಅಂಚು ಮಡಚಿ ಹೊಲಿದ ಹಳದಿ ಚೌಕಳಿ ಪರದೆ.

"ಪರದೆ ನೋಡೇ ನಾನು ಮನಸ್ಸು ಮಾಡಿದ್ದು," ಎಂದಳು ಕಿಯೋನಾ. "ಇಷ್ಟು ಅಚ್ಚುಕಟ್ಟಾದ ಮನೆಯೋರು ಮೋಸ ಮಾಡಲ್ಲ ಅನ್ನಿಸ್ತು."

ಅರ್ನೆಸ್ಟೀನ್ ಆ ಮನೆಯ ನೆಲಮಾಳಿಗೆಯ ಬಾಗಿಲು ತೆಗೆದು ಇಣುಕಿದಳು. ಪೈಪು ಇರಬೇಕಾದಲ್ಲೆಲ್ಲ ಗೋಡೆಯಲ್ಲಿ ತೂತು. ತಾಮ್ರ ಯಾವತ್ತೋ ಹೋಗಿತ್ತು.

ಮಧ್ಯಾಹ್ನ ವಾರ್ಡೆಲ್ ಊಟಕ್ಕೆ ಬಂದಾಗ ಮೇಜಿನ ಮೇಲೆ ಊಟ ಇರಲಿಲ್ಲ. ರೊಶೆಲ್‌ಗೆ ಅವತ್ತು ರಜೆ. ಅವಳೂ ಅಲ್ಲೇ ಕೂತಿದ್ದಳು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು ಅರ್ನೆಸ್ಟೀನ್.

"ಏನು?"

"ವಾರ್ಡೆಲ್, ನಾನು ಕೈಯಲ್ಲಿ ಬಾಣಲೆ ಹಿಡಿದಿದೀನಿ."

ಅವನು ಕುರ್ಚಿ ಎಳೆದುಕೊಂಡು ಕೂತ. "ಅವರು ಬಂದ ಮಾರನೇ ದಿನ. ನೀರಿನ ಆಫೀಸಿಗೆ ಫೋನ್ ಮಾಡ್ದೆ. ಆ ಮನೆ ಇನ್ನೂ ಬ್ಯಾಂಕಿನದೇ, ಬಾಡಿಗೆಗೆ ಕೊಟ್ಟಿಲ್ಲ ಅಂದ್ರು. ಆ ಟೈ ಕಟ್ಟಿದೋನು ಕಳ್ಳ."

"ಕಳ್ಳನ ಕೈಗೆ ಬೀಗದ ಕೈ ಕೊಟ್ಟೆ!" ರೊಶೆಲ್ ಮೇಜು ಗುದ್ದಿದಳು. "ಕೊಟ್ಟಿದ್ದೂ ಅಲ್ಲದೆ ಬಾಯಿ ಮುಚ್ಕೊಂಡು ಪೈಪು ಎಳೆದೆ. ಯಾಕೆ? ಪಂಥ ಗೆಲ್ಲೋಕೆ."

"ಪಂಥಕ್ಕಲ್ಲ."

"ಮತ್ತೆ ಯಾತಕ್ಕೆ?"

"ಆ ಹುಡುಗಿಗೆ ಮನೆ ಬೇಕು. ಆ ಮನೆಗೆ ಜನ ಬೇಕು. ಬ್ಯಾಂಕಿಗೆ ಎರಡೂ ಬೇಕಿಲ್ಲ. ನಾನೇ ಪೈಪು ಹಾಕಿಸ್ತೀನಿ, ಮೆಲ್ಲಗೆ ಎಲ್ಲ ಸರಿ ಹೋಗುತ್ತೆ ಅಂದ್ಕೊಂಡೆ. ಸಂಜೆ ಆ ಕಿಟಕೀಲಿ ದೀಪ ಉರಿತಿತ್ತು ಅರ್ನೆಸ್ಟೀನ್, ಬ್ಯಾಟರಿ ದೀಪನೇ ಆಗಲಿ. ನಿಜವಾದ ದೀಪ."

"ಅವಳು ಮಕ್ಕಳನ್ನ ಹುಲ್ಲಿನ ಮೇಲೆ ಕೂರಿಸಿ ಹಲ್ಲು ತಿಕ್ಕಿಸ್ತಾ ಇದಾಳೆ. ದುಡ್ಡು ಕಳ್ಕೊಂಡಿದೀನಿ ಅಂತ ಕೂಡ ಅವಳಿಗೆ ಗೊತ್ತಿಲ್ಲ. ನೀನು ಅವಳ ಕಷ್ಟನೂ ಹೂವಿನ ಕುಂಡದ ಹಾಗೆ ಜಗಲಿ ಮೇಲೆ ಇಟ್ಟೆ," ಎಂದಳು ಅರ್ನೆಸ್ಟೀನ್. "ಏಳು. ಹೋಗಿ ಹೇಳು. ಈಗಲೇ."

ಅವನು ಏಳಲಿಲ್ಲ. ಕೊನೆಗೆ ಹೇಳಿದವಳು ಅರ್ನೆಸ್ಟೀನಳೇ. ಆ ಪರದೆ ನಂದು, ಆ ಕುರ್ಚಿ ನಮ್ಮದು, ಬೀಗದ ಕೈ ಕೊಟ್ಟಿದ್ದು ನನ್ನ ಗಂಡ, ಎಲ್ಲವನ್ನೂ ಆ ಹುಡುಗಿಯ ಮುಂದೆ ನಿಂತು ಹೇಳಿದಳು. ಕಿಯೋನಾ ಕಿರುಚಾಡಲಿಲ್ಲ. "ಒಂದು ವಾರ ನನ್ನ ಮಕ್ಕಳಿಗೆ ಕೇಕ್ ಕೊಟ್ರಿ," ಎಂದಳು ಅಷ್ಟೆ.

ಇರುವಷ್ಟು ದಿನ ಇರಲಿ, ಬೇರೆ ಮನೆ ಸಿಗುವ ತನಕ ನಾವೆಲ್ಲ ಕೈ ಹಾಕೋಣ ಎಂದು ಅರ್ನೆಸ್ಟೀನ್ ಬೀದಿಯ ಸಂಘದ ಮಿಸಸ್ ಟಾಲಿವರ್ ಮನೆಗೆ ಹೋದಳು. ಮಿಸಸ್ ಟಾಲಿವರ್ ಚಹಾ ಕೊಟ್ಟಳು.

"ನಾನಾಗಲೇ ಬ್ಯಾಂಕಿಗೆ ಫೋನ್ ಮಾಡಿ ಹೇಳಿಬಿಟ್ಟೆ, ಅರ್ನೆಸ್ಟೀನ್. ಹಕ್ಕಿಲ್ಲದೋರು ಒಂದು ಮನೇಲಿ ಕೂತ್ರೆ ನಾಳೆ ಇನ್ನೊಂದರಲ್ಲಿ ಕೂರ್ತಾರೆ. ನಮ್ಮ ಬೀದಿ ಹೆಸರು ಏನಾಗ್ಬೇಡ?"

"ಎರಡು ವರ್ಷ ಬ್ಯಾಂಕಿಗೆ ಫೋನ್ ಮಾಡಿದ್ವಿ. ಒಂದು ನರಪಿಳ್ಳೆ ಬರಲಿಲ್ಲ."

"ಈ ಸಲ ಬರ್ತಾರಂತೆ," ಎಂದಳು ಮಿಸಸ್ ಟಾಲಿವರ್.

ಬಂದರು. ಖಾಲಿ ಮನೆಗೆ ಎರಡು ವರ್ಷ ಬರದವರು ಜನ ಇರುವ ಮನೆಗೆ ನಾಲ್ಕೇ ದಿನಕ್ಕೆ ಬಂದು ಬೀಗ ಬದಲಾಯಿಸಿದರು. ಕಿಯೋನಾ ತನ್ನ ತಮ್ಮನ ವ್ಯಾನಿಗೆ ಸಾಮಾನು ತುಂಬಿದಳು. ವಾರ್ಡೆಲ್ ಹೋಗಿ ಹಾಸಿಗೆಯ ಒಂದು ತುದಿಗೆ ಕೈ ಹಾಕಿದ.

"ಮುಟ್ಟಬೇಡಿ, ಮಿಸ್ಟರ್ ವಾರ್ಡೆಲ್," ಎಂದಳು ಅವಳು.

ಅವನು ಕೈ ತೆಗೆದು ಅಲ್ಲೇ ಹುಲ್ಲಿನ ಮೇಲೆ ನಿಂತ. ವ್ಯಾನು ಹೋದ ಮೇಲೂ ನಿಂತಿದ್ದ. ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದ: "ನಾನು ಸೋತೆ. ಯಾರನ್ನ ಕರೀಬೇಕೋ ಕರೀರಿ. ರುಜು ಹಾಕ್ತೀನಿ."

ರೊಶೆಲ್ ಮರುದಿನವೇ ಮನೆ ಮಾರಿಸಿಕೊಡುವ ಏಜೆಂಟಳನ್ನು ಕರೆತಂದಳು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ ಚುರುಕಿನ ಹೆಂಗಸು. ಮನೆಯೆಲ್ಲ ಸುತ್ತಿ, ಹಿತ್ತಿಲ ಮೆಟ್ಟಿಲು ರಿಪೇರಿ ಮಾಡಿಸಿ ಎಂದಳು. ಆಮೇಲೆ ಜಗಲಿಗೆ ಬಂದು ಪಕ್ಕದ ಮನೆ ನೋಡಿ ಮುಖ ಅರಳಿಸಿದಳು.

"ಪಕ್ಕದೋರು ಬಹಳ ಚೆನ್ನಾಗಿ ಇಟ್ಕೊಂಡಿದಾರಲ್ಲ! ಅದೇ ನಿಮ್ಮ ದೊಡ್ಡ ಪ್ಲಸ್ಸು."

"ಅಲ್ಲಿ ಯಾರೂ ಇಲ್ಲ," ಎಂದಳು ಅರ್ನೆಸ್ಟೀನ್.

ಏಜೆಂಟು ದನಿ ತಗ್ಗಿಸಿದಳು. "ಕೇಳದೆ ಯಾರೂ ಹೇಳಬೇಕಾಗಿಲ್ಲ, ಮೇಡಂ. ಶನಿವಾರ ಒಂದು ಜೋಡಿ ನೋಡೋಕೆ ಬರುತ್ತೆ. ರುಜು ಆಗೋ ತನಕ ಆ ಪರದೆ, ಕುರ್ಚಿ ಎಲ್ಲ ಹಾಗೇ ಇರಲಿ. ಹುಲ್ಲೂ ಒಂದ್ಸಲ ಕತ್ತರಿಸಿಬಿಡಿ."

ಶುಕ್ರವಾರ ವಾರ್ಡೆಲ್ ಹಿತ್ತಿಲ ಮೆಟ್ಟಿಲಿಗೆ ಹೊಸ ಹಲಗೆ ಹೊಡೆದ. ರೊಶೆಲ್ ಕಿಟಕಿ ಗಾಜು ಒರೆಸುತ್ತಾ ಎಷ್ಟೋ ತಿಂಗಳ ಮೇಲೆ ಹಾಡು ಗುನುಗಿದಳು. ಆಚೆ ಊರಿನ ಮನೆಯವರು ಸೋಮವಾರದ ತನಕ ಕಾಯುತ್ತೇವೆ ಎಂದಿದ್ದರು. ಇಮಾನಿ ಪಿಟೀಲಿನ ಮಾತು ಮತ್ತೆ ತೆಗೆದಳು. ಈ ಸಲ ಯಾರೂ ಹಾಲು ಕುಡಿ ಎನ್ನಲಿಲ್ಲ.

ಶನಿವಾರ ಬೆಳಗ್ಗೆ ಅರ್ನೆಸ್ಟೀನ್ ತಿಂಡಿ ಮಾಡಿಟ್ಟು, ಸ್ಟೂಲು ಎತ್ತಿಕೊಂಡು ಪಕ್ಕದ ಮನೆಯ ಕಡೆ ನಡೆದಳು. ಬ್ಯಾಂಕಿನವರು ಮುಂಬಾಗಿಲಿಗೆ ಹೊಸ ಬೀಗ ಜಡಿದಿದ್ದರು, ಆದರೆ ಜಗಲಿಯ ಕಿಟಕಿಗೆ ಚಿಲಕ ಹಾಕುವ ಕಾಳಜಿ ಅವರಿಗೆಲ್ಲಿಂದ ಬರಬೇಕು? ಅವಳು ಕಿಟಕಿ ಮೇಲೆತ್ತಿ, ಕೈ ತೂರಿಸಿ, ಪರದೆಯ ಸರಳು ಕಿತ್ತಳು.

ರೊಶೆಲ್ ಒದ್ದೆ ತಲೆಯಲ್ಲೇ ಓಡಿ ಬಂದಳು. "ಅಮ್ಮಾ! ಏನು ಮಾಡ್ತಿದೀಯ? ಇವತ್ತೇ ಆಗ್ಬೇಕಿತ್ತಾ? ಇನ್ನು ಒಂದು ಗಂಟೇಲಿ ಬರ್ತಾರೆ!"

"ಅದಕ್ಕೇ ಇವತ್ತು."

"ಎರಡು ವರ್ಷ ಇತ್ತಲ್ಲ! ಇನ್ನೆರಡು ದಿನ ಇದ್ರೆ ಏನಾಗ್ತಿತ್ತು? ನಾನೇನು ಕಳ್ಳತನ ಮಾಡಿದೀನಾ? ನನ್ನ ಮಗಳಿಗೆ ಒಂದು ಶಾಲೆ ಕೇಳ್ದೆ."

"ನನಗೆ ಗೊತ್ತು."

"ಗೊತ್ತಿದ್ರೆ ಕಟ್ಟು ಅದನ್ನ ವಾಪಸ್ಸು."

"ಬರೋ ಹುಡುಗಿ ಈ ಪರದೆ ನೋಡಿ ರುಜು ಹಾಕ್ತಾಳೆ ರೊಶೆಲ್. ಆ ಕಿಯೋನಾ ದುಡ್ಡು ಕಳಿಸಿದ ಹಾಗೆ. ಆಮೇಲೆ ಅವಳು ನಮ್ಮ ಅಡುಗೆಮನೇಲಿ ನಿಂತು ನನ್ನ ಶಪಿಸ್ತಾಳೆ. ಹೊಲಿದೋಳು ನಾನು. ಒಂದ್ಸಲ ಸಾಕು."

ರೊಶೆಲ್ ತಂದೆಯ ಕಡೆ ತಿರುಗಿದಳು. ವಾರ್ಡೆಲ್ ಜಗಲಿಯ ಕೆಳಗೆ ಬಂದು ನಿಂತಿದ್ದ. "ಅಪ್ಪಾ, ನೀನಾದ್ರೂ ಹೇಳು! ಖಾಲಿ ಮನೆ ಖಾಲಿ ಕಾಣಬಾರ್ದು ಅಂತ ಯಾವತ್ತೂ ನೀನೇ ತಾನೆ ಹೇಳ್ತಿದ್ದೋನು?"

ವಾರ್ಡೆಲ್ ಮೆಟ್ಟಿಲು ಹತ್ತಿ ಬಂದು, ಅಲ್ಲಾಡುತ್ತಿದ್ದ ಸ್ಟೂಲಿನ ಕಾಲನ್ನು ಒತ್ತಿ ಹಿಡಿದುಕೊಂಡ. ಅರ್ನೆಸ್ಟೀನ್ ಎರಡನೇ ಪರದೆ ಬಿಚ್ಚಿದಳು. ಆಮೇಲೆ ಅವನು ಒಂದೊಂದು ಕೈಯಲ್ಲಿ ಒಂದೊಂದು ಕುರ್ಚಿ ಹಿಡಿದು ತನ್ನ ಮನೆಗೆ ಹೊತ್ತುಕೊಂಡು ಹೋದ.

ಜೋಡಿ ಬಂದಿತು. ಒಳ್ಳೆಯ ಜನ. ಹುಡುಗಿಗೆ ಅಡುಗೆಮನೆ ಮೆಚ್ಚಿಗೆಯಾಯಿತು, ಹೊಸ ಮೆಟ್ಟಿಲೂ ಮೆಚ್ಚಿಗೆಯಾಯಿತು. ಹೊರಡುವಾಗ ಜಗಲಿಯಲ್ಲಿ ನಿಂತು ಪಕ್ಕಕ್ಕೆ ನೋಡಿದಳು. ಕಪ್ಪು ಕಿಟಕಿಗಳು ಅವಳನ್ನು ನೋಡಿದವು.

"ಅಲ್ಲಿ ಯಾರಿದಾರೆ?" ಎಂದು ಕೇಳಿದಳು.

ಏಜೆಂಟು ಬಾಯಿ ತೆರೆಯುವಷ್ಟರಲ್ಲಿ ಅರ್ನೆಸ್ಟೀನ್ ಹೇಳಿದಳು. "ಯಾರೂ ಇಲ್ಲಮ್ಮ. ಪೈಪೂ ಇಲ್ಲ. ಬ್ಯಾಂಕಿನದು."

ಅವರು ನಗುನಗುತ್ತಲೇ ಕೈ ಕುಲುಕಿ ಹೋದರು. ಮತ್ತೆ ಫೋನು ಮಾಡಲಿಲ್ಲ. ಸೋಮವಾರ ಆಚೆ ಊರಿನ ಮನೆ ಬೇರೆಯವರ ಪಾಲಾಯಿತು.

ರೊಶೆಲ್ ಒಂದು ವಾರ ತಾಯಿಯ ಕೈ ಊಟ ಮುಟ್ಟಲಿಲ್ಲ. ಶಾಲೆ ತೆರೆಯುವ ಹಿಂದಿನ ದಿನ, ಹಳಿಯ ಆಚೆ ಮಹಡಿ ಮೇಲಿನ ಎರಡು ಕೋಣೆಯನ್ನು ಬಾಡಿಗೆಗೆ ಹಿಡಿದು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಒಪ್ಪಿಕೊಂಡು, ಮಗಳ ಜೊತೆ ಹೊರಟುಹೋದಳು. ಕಾರಿನ ಬಾಗಿಲು ಹಾಕುವಾಗ, "ಅಪರಿಚಿತರ ಮೇಲೆ ಇರೋ ಕನಿಕರ ನಿನಗೆ ನನ್ನ ಮೇಲೆ ಇರಲಿಲ್ಲ," ಎಂದಳು.

ಗುಡ್ಲೋ ಅಂಗಳದ ಹುಲ್ಲನ್ನು ಯಾರೂ ಕತ್ತರಿಸಲಿಲ್ಲ. ಮೊದಲು ಮೊಣಕಾಲುದ್ದ ಬೆಳೆಯಿತು, ಆಮೇಲೆ ಸೊಂಟದುದ್ದ. ಮಿಸಸ್ ಟಾಲಿವರ್ ಅರ್ನೆಸ್ಟೀನಳ ಜೊತೆ ಮಾತು ಬಿಟ್ಟಳು. ಅಕ್ಟೋಬರಿನಲ್ಲಿ ಪುರಸಭೆಯವನು ಬಂದು, ಬೀದಿಯಲ್ಲಿ ಕಾರು ನಿಲ್ಲಿಸಿ, ಆ ಮನೆಯನ್ನು ಮೊದಲ ಸಲ ಕಣ್ಣು ಬಿಟ್ಟು ನೋಡಿ, ಬಾಗಿಲಿಗೆ ಕಿತ್ತಳೆ ಬಣ್ಣದ ನೋಟೀಸು ಅಂಟಿಸಿ ಹೋದ. ವಾರ್ಡೆಲ್ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ.

"ಕೆಡವ್ತಾರೋ ರಿಪೇರಿ ಮಾಡ್ತಾರೋ?" ಎಂದ.

"ಕೊನೆಗೂ ಅವರು ಬಂದು ನೋಡಿದ್ರಲ್ಲ, ಅಷ್ಟು ಸಾಕು. ಬಾ, ಸೂಪು ತಣ್ಣಗಾಗುತ್ತೆ," ಎಂದಳು ಅರ್ನೆಸ್ಟೀನ್.

ಮೇಜಿನ ಮುಂದೆ ಇಬ್ಬರೇ. ಇನ್ನೆರಡು ಕುರ್ಚಿಗಳ ಜೊತೆಗೆ ಜಗಲಿಯಿಂದ ತಂದಿಟ್ಟ ಎರಡೂ ಖಾಲಿ ಕೂತಿದ್ದವು. ಆಗ ಫೋನು ಬಂದಿತು. ರೊಶೆಲ್ ಹೋಗಿ ಆರು ವಾರವಾದ ಮೇಲೆ ಬಂದ ಮೊದಲ ಫೋನು.

"ಅಮ್ಮಾ." ದನಿ ಒರಟಾಗಿಯೇ ಇತ್ತು. "ಇಲ್ಲಿ ಬೆಳಗ್ಗೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತೆ. ರಾತ್ರಿ ಪಾಳಿ ಮುಗಿಸಿ ಬಂದ್ರೆ ನಿದ್ದೆ ಹತ್ತಲ್ಲ." ಹಿಂದೆ ಎಲ್ಲೋ ಪಿಟೀಲು ಕೆಟ್ಟದಾಗಿ ಕಿರುಗುಟ್ಟುತ್ತಿತ್ತು. "ಕಿಟಕಿ ಅದೇ ಅಳತೆ. ಆ ಹಳದಿ ಪರದೆ ಬಿಸಾಕಿದ್ಯಾ?"

"ಇಲ್ಲ," ಎಂದಳು ಅರ್ನೆಸ್ಟೀನ್. "ಒಗೆದು ಇಸ್ತ್ರಿ ಹಾಕಿಟ್ಟಿದೀನಿ. ಬರೋವಾಗ ಇಮಾನಿನ ಕರ್ಕೊಂಡು ಬಾ, ಭಾನುವಾರ."